ಖಾಲಿ ಕೊಡಬಾರದ ಬಟ್ಟಲು

ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿಯುವ ವಾಸನೆ ಬಂದರೆ ಮೊದಲು ನನ್ನ ಮೂಗು ಏಳುತ್ತದೆ, ನಾನು ಆಮೇಲೆ. ಆ ಎರಡರ ನಡುವೆ ಸ್ವಲ್ಪ ಹೊತ್ತು ಸಿಗುತ್ತದಲ್ಲ, ನನ್ನ ಪಾಲಿಗೆ ಇಡೀ ದಿನದ ಒಳ್ಳೆಯ ಹೊತ್ತು ಅದೇ. ಆಗ ನಾನು ಎಲ್ಲಿ ಮಲಗಿದ್ದೇನೆ ಎಂಬುದು ನನಗೇ ಗೊತ್ತಿರುವುದಿಲ್ಲ. ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರದ ನಮ್ಮ ಮನೆಯೋ, ಲುಬ್ಲಿಯಾನಾದ ಆ ಅಟ್ಟದ ಕೋಣೆಯೋ? ಬಸ್ಸಿನ ಹಾರ್ನ್ ಕೇಳಿದರೆ ಇದು, ಚರ್ಚಿನ ಗಂಟೆ ಕೇಳಿದರೆ ಅದು ಎಂದು ಕಣ್ಣು ಮುಚ್ಚಿಕೊಂಡೇ ಕಾಯುತ್ತೇನೆ. ಲುಬ್ಲಿಯಾನಾ ಎಂದರೆ ಯುರೋಪಿನಲ್ಲಿ ಸ್ಲೊವೇನಿಯ ಎಂಬ ಪುಟ್ಟ ದೇಶದ ರಾಜಧಾನಿ. ಕಾಡುಮರಗಳ ಬಗ್ಗೆ ಓದಲು ಹೋಗಿ ಎರಡು ವರ್ಷ ಅಲ್ಲಿದ್ದೆ. ವಾಪಸು ಬಂದು ಬಹಳ ಕಾಲವಾಯಿತು, ಆದರೆ ಮೂಗಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ಇವತ್ತು ಕೇಳಿದ್ದು ಹಾರ್ನು. ಎದ್ದು ಅಡುಗೆಮನೆಗೆ ಹೋದರೆ ಆಯಿ, ಎಂದರೆ ನನ್ನ ಅಮ್ಮ, ಒಂದೆಲಗದ ತಂಬುಳಿ ಮಾಡಿ ಮುಗಿಸಿದ್ದಳು. ನನ್ನ ಕಣ್ಣು ರೂಢಿಯಂತೆ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಸದಾ ಕೂತಿರುತ್ತಿದ್ದ ಕೆಂಪು ಬಟ್ಟಲು ಇರಲಿಲ್ಲ. ಅದು ಇದ್ದ ಜಾಗದಲ್ಲಿ ದುಂಡನೆಯ ಗುರುತು ಮಾತ್ರ ಇತ್ತು.

"ಆಯಿ, ಕೆಂಪು ಬಟ್ಲು ಎಲ್ಲಿ?"

"ಶಾಂತಕ್ಕನ ಮನೆಗೆ ಹೋಜು. ಒಂಚೂರು ತಂಬ್ಳಿ ಕೊಟ್ಟಿಕ್ಕಿ ಬಂದೆ."

"ಅದನ್ನೇ ಎಂತಕ್ಕೆ ತಗಂಡೆ?"

"ಅದೂ ಬಟ್ಲೇ ಅಲ್ದನೇ? ದೇವ್ರ ಗೂಡಲ್ಲಿ ಇಟ್ಟಾಂಗೆ ಮೇಲೆ ಇಟ್ಕಂಡು ಕೂತ್ರೆ ಎಂತ ಆಗ್ತು?"

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ಬಟ್ಟಲು ನನ್ನದಲ್ಲ. ಅದನ್ನು ನಾನು ಒಬ್ಬರಿಗೆ ವಾಪಸು ಕೊಡಬೇಕಿದೆ, ಅದೂ ಅವರು ಇರುವಾಗಲೇ. ಈಗ ಅದು ಪಕ್ಕದ ಮನೆಯ ಯಾವ ಪಾತ್ರೆಯ ಕೆಳಗೆ ಸಿಕ್ಕಿಕೊಂಡಿದೆಯೋ! ಹೋಗಿ ಕೇಳುವಂತಿಲ್ಲ. ಕೊಟ್ಟ ಪಾತ್ರೆಯನ್ನು ಕೇಳಿ ತರುವುದು ನಮ್ಮ ಓಣಿಯಲ್ಲಿ ಜಗಳಕ್ಕೆ ಸಮ. ಸುಮ್ಮನೆ ಕಾಯಬೇಕು. ಕಾಯುತ್ತ ಕೂತಿದ್ದೇನೆ, ಬನ್ನಿ, ನೀವೂ ಸ್ವಲ್ಪ ಕೂತುಕೊಳ್ಳಿ, ಆ ಬಟ್ಟಲಿನ ಸಂಗತಿ ಹೇಳುತ್ತೇನೆ.

ನಮ್ಮದು ಗೋಡೆಗೆ ಗೋಡೆ ತಾಗಿದ ಸಾಲುಮನೆ. ಪಕ್ಕದಲ್ಲಿ ಶಾಂತಕ್ಕ, ಬನವಾಸಿ ಕಡೆಯವರು. ಅವರ ಮನೆಯಿಂದ ಜೋಳದ ರೊಟ್ಟಿ ಬಂದರೆ ನಮ್ಮಿಂದ ಅಪ್ಪೆಹುಳಿ ಹೋಗುತ್ತದೆ, ಅವರ ತಟ್ಟೆಯಲ್ಲೇ. ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಎಂಬುದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಏನೂ ಇಲ್ಲದ ದಿನ ಆಯಿ ಒಂದು ಚಮಚ ಸಕ್ಕರೆಯನ್ನಾದರೂ ತಳಕ್ಕೆ ಹಾಕಿ ಕಳಿಸುವುದನ್ನು ನೋಡಿದ್ದೆ. ಹೀಗಾಗಿ ನಮ್ಮ ಓಣಿಯಲ್ಲಿ ಯಾರ ಪಾತ್ರೆ ಯಾರ ಮನೆಯಲ್ಲಿದೆ ಎಂದು ಯಾರೂ ಖಚಿತವಾಗಿ ಹೇಳಲಾರರು, ಅದಕ್ಕಾಗಿ ಯಾರಿಗೂ ನಿದ್ದೆ ಕೆಟ್ಟಿದ್ದಿಲ್ಲ.

ಇಷ್ಟು ತಿಳುವಳಿಕೆ ಕಟ್ಟಿಕೊಂಡು ಲುಬ್ಲಿಯಾನಾಕ್ಕೆ ಹೋದೆ. ಹೋದದ್ದು ಮಳೆಗಾಲ ಮುಗಿದ ಮೇಲೆ. ಅಲ್ಲಿ ಆಗ ಮಂಜು ಇಳಿಯುವ ಕಾಲ. ಊರಿನ ನಡುವೆ ಹಸಿರು ನೀರಿನ ಹೊಳೆ, ಹರಿಯುತ್ತದೆಯೋ ನಿಂತಿದೆಯೋ ತಿಳಿಯದಷ್ಟು ಸೋಮಾರಿ. ಒಂದು ಸೇತುವೆಯ ಮೂಲೆಮೂಲೆಗೆ ತಾಮ್ರದಲ್ಲಿ ಮಾಡಿದ ರೆಕ್ಕೆಯ ಡ್ರ್ಯಾಗನ್‌ಗಳು. ಮಂಜಿನಲ್ಲಿ ಅವುಗಳ ಬಾಲ ಮಾತ್ರ ಕಾಣುತ್ತಿತ್ತು, ತಲೆ ಎಲ್ಲಿಗೋ ಹೋಗಿರುತ್ತಿತ್ತು. ಗುಡ್ಡದ ಮೇಲೆ ಕೋಟೆ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ಕಂಡದ್ದು ಬಹಳ ದಿನಗಳ ನಂತರ, ಒಮ್ಮೆ ಬಿಸಿಲು ಬಿದ್ದಾಗ. ಅಷ್ಟರವರೆಗೆ ಜನರ ಮಾತಿನ ಮೇಲೆ ನಂಬಿಕೆಯಿಟ್ಟು ನಡೆಯುತ್ತಿದ್ದೆ.

ನಾನು ಬಾಡಿಗೆಗೆ ಇದ್ದದ್ದು ಗೋಸ್ಪಾ ಮಿಲೆನಾ ಅವರ ಮನೆಯ ಅಟ್ಟದ ಕೋಣೆಯಲ್ಲಿ. ಗೋಸ್ಪಾ ಎಂದರೆ ಅಲ್ಲಿ ಅಮ್ಮಾವರೇ ಎಂದ ಹಾಗೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಗಂಡ ತೀರಿಕೊಂಡಿದ್ದರು, ಕೆಳಗಿನ ಮನೆಯಲ್ಲಿ ಒಬ್ಬರೇ. ಎತ್ತರದ, ನೆಟ್ಟಗಿನ ಹೆಂಗಸು, ನಗುವುದರಲ್ಲಿ ಬಲು ಬಿಗಿ. ಅವರ ಇಂಗ್ಲಿಷು ಕುಂಟುತ್ತಿತ್ತು, ನನ್ನ ಸ್ಲೊವೇನಿಯನ್ ಹುಟ್ಟಿಯೇ ಇರಲಿಲ್ಲ. ಅವರ ಮಾತನ್ನು ಇಲ್ಲಿ ನಾನೇ ನೆಟ್ಟಗೆ ಮಾಡಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಮ್ಮಿಬ್ಬರ ಮೊದಲ ತಕರಾರು ಕಾಲಿನದು. ನಾನು ಮನೆಯೊಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋದೆ, ನಮ್ಮ ಕಡೆಯ ಮರ್ಯಾದೆ. ಅವರು ನನ್ನ ಪಾದ ನೋಡಿ ಹಾವು ಕಂಡವರಂತೆ ಹಿಂದೆ ಸರಿದರು. ಅಲ್ಲಿ ಬಂದವರಿಗೆ ಮೊದಲು ಮನೆಯೊಳಗಿನ ಉಣ್ಣೆಯ ಚಪ್ಪಲಿ ಕೊಡಬೇಕಂತೆ. ನಮ್ಮಲ್ಲಿಯ ನೀರು ಬೆಲ್ಲದಂಥ ಉಪಚಾರವೆಲ್ಲ ಆಮೇಲೆ. ಕಪಾಟಿನಿಂದ ನೀಲಿ ಬಣ್ಣದ ಒಂದು ಜೊತೆ ತೆಗೆದು ನನ್ನ ಮುಂದಿಟ್ಟು, "ಇದು ನಿನ್ನದು. ಬಾಗಿಲ ಹತ್ತಿರ ಇರುತ್ತದೆ" ಎಂದರು. ಎರಡನೆಯ ತಕರಾರು ಗಾಳಿಯದು. ನಾನು ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು ಬದುಕಿದವಳು, ಅವರು ಎದುರುಬದುರು ಕಿಟಕಿ ತೆರೆದರೆ ಗಾಳಿ ನುಗ್ಗಿ ಮನುಷ್ಯ ಸಾಯುತ್ತಾನೆ ಎಂದು ನಂಬಿದವರು.

ಹೋದ ಎರಡನೆಯ ದಿನವೇ ಒಂದು ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಕೆಂಪು ಎನಾಮಲ್ ಬಟ್ಟಲು, ಮೈತುಂಬ ಬಿಳಿ ಚುಕ್ಕಿ, ಅಂಚಿನಲ್ಲಿ ಒಂದು ಕಡೆ ಬಣ್ಣ ಎದ್ದು ಕಪ್ಪಾಗಿತ್ತು. ಒಳಗೆ ದಾಲ್ಚಿನ್ನಿ ಹಾಕಿ ಬೇಯಿಸಿದ ಸೇಬು. ನನ್ನ ಕೈಗಿಟ್ಟು, ತಿನ್ನು ಎಂದು ಸನ್ನೆ ಮಾಡಿ ಇಳಿದು ಹೋದರು. ಅಷ್ಟು ದೂರದ ಊರಿನಲ್ಲಿ ಬಿಸಿಬಿಸಿ ತಿಂಡಿ ಕೈಗೆ ಬಂದಾಗ ನನಗೆ ಅಳು ಬಂತು. ಅಳುತ್ತಲೇ ತಳ ಕೆರೆದು ತಿಂದೆ. ತೊಳೆದು ಒರೆಸಿದ ಮೇಲೆ ಯೋಚನೆ ಶುರುವಾಯಿತು: ಇದಕ್ಕೆ ಏನು ತುಂಬಿಸಿ ಕೊಡುವುದು?

ಸಜ್ಜಿಗೆ ಮಾಡಿದೆ, ಆ ವಿದ್ಯುತ್ ಒಲೆಯ ಮರ್ಜಿ ತಿಳಿಯದೆ ಸೀದುಹೋಯಿತು. ಊರಿನಿಂದ ಒಯ್ದ ಹಲಸಿನ ಹಪ್ಪಳ ಕರಿಯೋಣವೆಂದರೆ ಅದನ್ನು ಆಗಲೇ ಸಹಪಾಠಿಗಳು ಹಸಿಯಾಗಿಯೇ ಮುರಿದು ತಿಂದಿದ್ದರು. ಚಿತ್ರಾನ್ನ ಕೊಡುವ ಧೈರ್ಯ ಬರಲಿಲ್ಲ, ಹಸಿಮೆಣಸು ತಿಂದು ಅವರಿಗೇನಾದರೂ ಆದರೆ! ಅಂಗಡಿಯ ಬಿಸ್ಕತ್ತು ಹಾಕಿ ಕೊಡಬಹುದಿತ್ತು. ಆದರೆ ಅವರು ತಾವೇ ಬೇಯಿಸಿ ಕೊಟ್ಟಿದ್ದರು, ನಾನು ಪೊಟ್ಟಣ ಒಡೆದು ಸುರಿಯುವುದೇ? ಹೀಗೆ ಬಟ್ಟಲು ನನ್ನ ಮೇಜಿನ ಮೇಲೆ ಉಳಿಯಿತು.

ಒಂದು ವಾರ ಕಳೆದು ಮೆಟ್ಟಿಲ ಬಳಿ ಕೇಳಿದರು, "ಬಟ್ಟಲು?"

ಅಷ್ಟರಲ್ಲಿ ನಾನು ಕಲಿತಿದ್ದ ಮೊದಲ ಸ್ಲೊವೇನಿಯನ್ ಶಬ್ದ ಹೇಳಿದೆ, "ಯುತ್ರಿ." ನಾಳೆ ಎಂದು ಅರ್ಥ. ಶಿರಸಿಯಲ್ಲಿ ನಾಳೆ ಎಂದರೆ ಮುಂದೆ ಎಂದಾದರೂ ಕೊಡುತ್ತೇನೆ, ಮರೆತಿಲ್ಲ ಎಂದಷ್ಟೇ ತಿಳಿಯುತ್ತಾರೆ. ಅವರು ಮರುದಿನ ಕಾದರು. ಅದರ ಮರುದಿನ ಮತ್ತೆ ಕೇಳಿದರು. ಮತ್ತೆ ಯುತ್ರಿ. ನಿಧಾನವಾಗಿ ಕೇಳುವುದನ್ನು ಬಿಟ್ಟರು, ಆಮೇಲೆ ಮಾತನ್ನೂ ಬಿಟ್ಟರು. ಅವರ ಕಡೆಯಲ್ಲಿ ಪಾತ್ರೆ ಮರುದಿನವೇ ತೊಳೆದು ವಾಪಸು ಕೊಡುವುದು ಮರ್ಯಾದೆ. ಹಾಗೆ ಕೊಡದವಳು ಅದನ್ನು ಇಟ್ಟುಕೊಂಡವಳು. ಇದು ನನಗೆ ಹೇಗೆ ಗೊತ್ತಾಗಬೇಕು?

ಚಳಿ ಹೆಚ್ಚಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಇಳಿಯುವತನಕ ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಸಿದ್ದಾಪುರದ ಬಸ್ಸಿನಲ್ಲಾದರೆ ಕೋಲಸಿರ್ಸಿ ಬರುವಷ್ಟರಲ್ಲಿ ಯಾರ ಮನೆ ಕೂಸು, ಎಂತ ಓದ್ತೆ, ಅಜ್ಜನ ಮನೆ ಎಲ್ಲಿ ಎಂದು ಎಲ್ಲ ಮುಗಿದಿರುತ್ತಿತ್ತು. ಅದು ಆಗ ಕಿರಿಕಿರಿ ಎನಿಸುತ್ತಿದ್ದದ್ದು ನಿಜ. ಲುಬ್ಲಿಯಾನಾದಲ್ಲಿ ಯಾರಾದರೂ ಕೇಳಲಿ ಎಂದು ಹಾತೊರೆಯುತ್ತಿದ್ದೆ. ಕನಸುಗಳು ಒಂದರೊಳಗೊಂದು ಸೇರಿಕೊಂಡವು. ಡ್ರ್ಯಾಗನ್ ಸೇತುವೆಯ ಮೇಲೆ ನಿಂತು ನಮ್ಮ ಕಂಡಕ್ಟರು 'ಸಿದ್ದಾಪುರ, ಸಿದ್ದಾಪುರ' ಎಂದು ಕೂಗುತ್ತಿದ್ದ, ಹಸಿರು ಹೊಳೆ ಬಂದು ನಮ್ಮ ದೇವಿಕೆರೆಗೆ ಸೇರುತ್ತಿತ್ತು, ಕೆರೆಯ ದಂಡೆಯಲ್ಲಿ ಗೋಸ್ಪಾ ಮಿಲೆನಾ ಕೈಚಾಚಿ ನಿಂತಿರುತ್ತಿದ್ದರು. ಬಟ್ಟಲು ಕೇಳಲಿಕ್ಕೆ.

ಹೊಸ ವರ್ಷ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟೆ. ಚಳಿಗಾಲದ ಪರೀಕ್ಷೆ ಮುಗಿದ ಕೂಡಲೇ ಊರಿಗೆ ಹೋಗುವುದು, ಮತ್ತೆ ಬರುವುದಿಲ್ಲ. ಫೋನಿನಲ್ಲಿ ಆಯಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಬಾ, ಅಡ್ಡಿಲ್ಲೆ" ಎಂದಳು. ಹಿಂದೆಯೇ ಕೇಳಿದಳು, "ಆ ಅಮ್ಮನ ಬಟ್ಲು ಕೊಟ್ಯ?"

"ಇಲ್ಲೆ. ಹಾಕಿ ಕೊಡಲೆ ಎಂತದೂ ಇಲ್ಲೆ."

"ಹಂಗಾರೆ ಹೆಂಗೆ ಬತ್ತೆ? ಕೊಟ್ಟಿಕ್ಕಿ ಬಾ."

ನನ್ನ ಓದು ಅರ್ಧಕ್ಕೆ ನಿಂತರೆ ಅವಳಿಗೆ ಅಡ್ಡಿ ಇರಲಿಲ್ಲ. ಬಟ್ಟಲು ಉಳಿಯುವುದು ಮಾತ್ರ ಆಗದ ಮಾತು. ನನಗೂ ಅದು ಸರಿಯೆನ್ನಿಸಿತು ಎಂದರೆ ನೀವು ನಗಬಾರದು.

ಪರೀಕ್ಷೆ ಮುಗಿದ ಒಂದು ಮಧ್ಯಾಹ್ನ ಗೋಸ್ಪಾ ಮಿಲೆನಾ ತಾವಾಗಿ ಮೇಲೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ಕಳೆದುಹೋಗಿದ್ದರೆ ಹೇಳು. ಬೈಯುವುದಿಲ್ಲ. ಅದು ನನ್ನ ಗಂಡ ಊಟ ಮಾಡುತ್ತಿದ್ದ ಬಟ್ಟಲು. ಇಲ್ಲ ಎಂದಾದರೆ ಇಲ್ಲ ಎಂದು ತಿಳಿಯಬೇಕು, ಅಷ್ಟೇ."

ನಾನು ಓಡಿಹೋಗಿ ಬಟ್ಟಲನ್ನು ತಂದು ಅವರ ಮುಂದೆ ಹಿಡಿದೆ. ದಿನಾ ಒರೆಸಿ ಇಟ್ಟಿದ್ದರಿಂದ ಫಳಫಳ ಹೊಳೆಯುತ್ತಿತ್ತು. ಅವರು ಅದನ್ನೂ ನನ್ನನ್ನೂ ಮಿಕಿಮಿಕಿ ನೋಡಿದರು. "ಹಾಗಾದರೆ ಯಾಕೆ?"

ಯಾಕೆ ಎಂದು ಹೇಗೆ ಹೇಳಲಿ? ಖಾಲಿ ಬಟ್ಟಲನ್ನು ತೋರಿಸಿ, "ಪ್ರಾಜ್ನಾ" ಎಂದೆ. ಖಾಲಿ ಎಂಬುದಕ್ಕೆ ಅಲ್ಲಿಯ ಶಬ್ದ. ಕೈ ಅಲ್ಲಾಡಿಸಿ ಬೇಡ ಎಂದೆ. "ನನ್ನ ಊರು. ಖಾಲಿ ಕೊಡುವುದಿಲ್ಲ. ಆಯಿ ಬೈಯುತ್ತಾಳೆ." ಅವರು ಕೈಚಾಚಿ ಬಟ್ಟಲಿನ ಒಂದು ಅಂಚು ಹಿಡಿದರು. ನಾನು ಇನ್ನೊಂದು ಅಂಚು ಬಿಡಲಿಲ್ಲ. ಬೇಕೆಂದು ಮಾಡಿದ್ದಲ್ಲ, ಕೈ ಕೇಳಲಿಲ್ಲ. ಇಬ್ಬರು ಹೆಂಗಸರು ಒಂದು ಖಾಲಿ ಬಟ್ಟಲನ್ನು ಎರಡು ಕಡೆಯಿಂದ ಹಿಡಿದುಕೊಂಡು ಮೆಟ್ಟಿಲ ತುದಿಯಲ್ಲಿ ನಿಂತಿದ್ದೆವು. ಕೊನೆಗೆ ಅವರೇ ಕೈ ಬಿಟ್ಟರು. ತಲೆ ಕೊಡವುತ್ತ ಇಳಿದು ಹೋದರು. ಗಂಡನ ಬಟ್ಟಲನ್ನು ಎರಡನೆಯ ದಿನಕ್ಕೇ ನನ್ನಂಥ ಪರಕೀಯಳ ಕೈಗೆ ಕೊಟ್ಟಿದ್ದರಲ್ಲ ಎಂದು ನನಗೆ ಹೊಳೆದದ್ದು ಅವರು ಹೋದ ಮೇಲೆ.

ಆಮೇಲೆ ಒಂದು ಬೆಳಿಗ್ಗೆ ಮಂಜು ಇರಲಿಲ್ಲ. ಎಷ್ಟೋ ದಿನಗಳಿಂದ ಮುಚ್ಚಿಟ್ಟಿದ್ದ ಊರನ್ನು ಯಾರೋ ಬಟ್ಟೆ ಸರಿಸಿ ತೋರಿಸಿದ ಹಾಗೆ ಕೋಟೆ, ಗುಡ್ಡ, ದೂರದ ಹಿಮದ ಬೆಟ್ಟ ಎಲ್ಲ ಕಂಡವು. ಹೊಳೆಯ ದಂಡೆ ಹಿಡಿದು ಊರಿನ ಅಂಚಿನ ಹುಲ್ಲುಗಾವಲಿನ ತನಕ ನಡೆದೆ. ಅಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಹೆಂಗಸರು ಕುಕ್ಕರಗಾಲಲ್ಲಿ ಕೂತು ನೆಲದಿಂದ ಏನೋ ತೆಗೆದು ಚೀಲಕ್ಕೆ ತುಂಬುತ್ತಿದ್ದರು. ನಾನು ನಿಂತುಬಿಟ್ಟೆ. ಆ ಕೂರುವ ರೀತಿ ನನಗೆ ಗೊತ್ತಿತ್ತು. ಹೇರೂರಿನಲ್ಲಿ ನನ್ನ ಅಮ್ಮಮ್ಮ ಅಡುಗೆ ಏನೆಂದು ಗೊತ್ತಿಲ್ಲದ ದಿನ ಹಿತ್ತಲಿಗೆ ಒಂದು ಸುತ್ತು ಹೋಗಿ ಹೀಗೆಯೇ ಕೂರುತ್ತಿದ್ದಳು. ಕಂಡ ಕುಡಿಯನ್ನೆಲ್ಲ ಒಂದು ಹಿಡಿ ಚಿವುಟಿ ತರುತ್ತಿದ್ದಳು, ಅದೇ ಆ ಹೊತ್ತಿನ ತಂಬುಳಿ. ಹುರಿದು, ಕಾಯಿ ಹಾಕಿ ಅರೆದು, ಮಜ್ಜಿಗೆಯಲ್ಲಿ ಕಲಸಿದರೆ ಮುಗಿಯಿತು.

ಕೂತವರಲ್ಲಿ ಒಬ್ಬರು ಗೋಸ್ಪಾ ಮಿಲೆನಾ. ಕೈಯಲ್ಲಿ ಸಣ್ಣ ಚಾಕು. ಹಲ್ಲುಹಲ್ಲಾದ ಅಂಚಿನ ಎಳೆಯ ಎಲೆಗಳು. ರೆಗ್ರಾತ್ ಎನ್ನುತ್ತಾರೆ, ಹಳದಿ ಹೂ ಬಿಡುವ ಮೊದಲೇ ತೆಗೆಯಬೇಕು. ನಾನು ಕೇಳಲೂ ಇಲ್ಲ, ಪಕ್ಕದಲ್ಲಿ ಕುಕ್ಕರಿಸಿ ಎಲೆಯ ತುದಿ ಚಿವುಟತೊಡಗಿದೆ. ಅವರು ಪಟಕ್ಕನೆ ನನ್ನ ಕೈ ಮೇಲೆ ಹೊಡೆದರು.

"ಹಾಗಲ್ಲ! ಬುಡದಿಂದ." ಚಾಕುವನ್ನು ಬುಡಕ್ಕೆ ಹಾಕಿ ಇಡೀ ಗಿಡವನ್ನು ಎತ್ತಿ ತೋರಿಸಿದರು.

"ನನ್ನ ಊರಿನಲ್ಲಿ ಬುಡ ತೆಗೆಯುವುದಿಲ್ಲ. ನಾಳೆಗೆ ಚಿಗುರಬೇಕಲ್ಲ" ಎಂದೆ.

"ನಿನ್ನ ಊರಿನಲ್ಲಿ ಎಲ್ಲವೂ ನಾಳೆಗೇ" ಎಂದರು. ಹೇಳಿ ಮುಖ ಆಚೆ ತಿರುಗಿಸಿದರು. ಹೆಗಲು ಅಲುಗುತ್ತಿತ್ತು. ಅವರು ನಗುತ್ತಿದ್ದರು.

ಆ ಎಲೆಯಲ್ಲಿ ಒಂದು ಹಿಡಿ ನನ್ನ ಪಾಲಿಗೆ ಬಂತು. ತುಪ್ಪಕ್ಕೆ ಬದಲು ಬೆಣ್ಣೆ, ಕಾಯಿಗೆ ಬದಲು ಅಂಗಡಿಯ ಒಣ ಕೊಬ್ಬರಿಯ ಪುಡಿ, ಮಜ್ಜಿಗೆಗೆ ಅಲ್ಲಿಯ ಮೊಸರು. ಆದರೂ ಜೀರಿಗೆ ಮೆಣಸು ಹುರಿದಾಗ ಎದ್ದ ವಾಸನೆ ನಮ್ಮನೆಯದೇ. ರೆಗ್ರಾತ್ ಸ್ವಲ್ಪ ಕಹಿ, ತಂಬುಳಿಗೆ ಹೇಳಿಮಾಡಿಸಿದ್ದು. ಬಟ್ಟಲು ತುಂಬಿ ಕೆಳಗೆ ಒಯ್ದೆ. ನೀಲಿ ಚಪ್ಪಲಿ ಮೆಟ್ಟಿಕೊಂಡು ಅವರ ಅಡುಗೆಮನೆಗೆ ಹೋಗಿ ಮೇಜಿನ ಮೇಲಿಟ್ಟೆ. ಅವರು ಮೂಸಿದರು, ಒಂದು ಚಮಚ ಬಾಯಿಗಿಟ್ಟರು. ಮತ್ತೊಂದು. ಬೇಯಿಸಿದ ಆಲೂಗಡ್ಡೆ ತಂದು ಅದರೊಳಗೆ ಮುರಿದು ಹಾಕಿಕೊಂಡು ಪೂರ್ತಿ ತಿಂದರು, ನನ್ನನ್ನು ಎದುರಿಗೆ ಕೂರಿಸಿಕೊಂಡು. ಕೊನೆಗೆ ಬಟ್ಟಲು ಎತ್ತಿ ತಳದಲ್ಲಿ ಉಳಿದದ್ದನ್ನು ಕುಡಿದರು. ತಂಬುಳಿಯನ್ನು ಕೊನೆಗೆ ಕುಡಿಯಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಅವತ್ತು ಆ ಊರು ನನಗೆ ಊರಾಯಿತು.

ಬಟ್ಟಲು ಕೊಟ್ಟದ್ದಾಯಿತು, ಇನ್ನು ಹೊರಡಬಹುದಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೇಲಿನ ಮೆಟ್ಟಿಲ ಮೇಲೆ ಅದೇ ಬಟ್ಟಲು, ಅದರಲ್ಲಿ ರೆಗ್ರಾತ್ ಸೊಪ್ಪಿನ ಸಲಾಡು. ಕೆಳಗಿನಿಂದ ಅವರ ಧ್ವನಿ ಕೇಳಿತು, "ಖಾಲಿ ಕೊಡಬಾರದು ಅಂದೆಯಲ್ಲ!" ಈಗ ನಾನು ಮತ್ತೆ ತುಂಬಿಸಬೇಕಾಯಿತು. ನಾನು ತುಂಬಿಸಿದರೆ ಅವರು, ಅವರು ತುಂಬಿಸಿದರೆ ನಾನು. ಹೊರಡುವ ಮಾತು ಮೆಟ್ಟಿಲಲ್ಲೇ ಉಳಿಯಿತು. ಆಯಿ ಫೋನಿನಲ್ಲಿ ಯಾವಾಗ ಬತ್ತೆ ಎಂದು ಕೇಳಿದರೆ, ಬಟ್ಲು ಈಗ ಎನ್ನ ಹತ್ರ ಇದ್ದು ಎನ್ನುತ್ತಿದ್ದೆ. ಅವಳಿಗೆ ಅರ್ಥವಾಗುತ್ತಿತ್ತು.

ಓದು ಮುಗಿದಾಗ ನಾನು ಹುಷಾರಾಗಿದ್ದೆ. ಕೊನೆಯ ಸರದಿ ನನ್ನದೇ ಆಗಲಿ ಎಂದು ಹಿಂದಿನ ದಿನ ಸಜ್ಜಿಗೆ ತುಂಬಿ ಬಟ್ಟಲನ್ನು ಅವರ ಕೈಗೆ ಒಪ್ಪಿಸಿದ್ದೆ. ಈ ಸಲ ಸೀದಿರಲಿಲ್ಲ. ಮರುದಿನ ಬಸ್ ನಿಲ್ದಾಣಕ್ಕೆ ಬಂದರು, ನೆಟ್ಟಗೆ, ಒಳ್ಳೆಯ ಕೋಟು ಹಾಕಿಕೊಂಡು. ಬಸ್ಸು ಹತ್ತುವಾಗ ಚೀಲದಿಂದ ಕರವಸ್ತ್ರ ಕಟ್ಟಿದ ಬಟ್ಟಲು ತೆಗೆದು ನನ್ನ ಮಡಿಲಿಗೆ ಹಾಕಿದರು. ಒಳಗೆ ಆಕ್ರೋಟಿನ ಸಿಹಿರೊಟ್ಟಿ.

"ನಿನ್ನ ಊರಿನ ಪದ್ಧತಿ. ಖಾಲಿ ಕೊಡಬಾರದು. ನಾನು ಅಂಚೆಯಲ್ಲಿ ಕೆಲಸ ಮಾಡಿದವಳು, ಅಂಚೆಯಲ್ಲಿ ಬಂದರೆ ತೆಗೆದುಕೊಳ್ಳುವುದಿಲ್ಲ. ತುಂಬಿಸಿಕೊಂಡು ನೀನೇ ಬಾ."

ಬಸ್ಸು ಹೊರಟಿತು. ಅವರು ಕೈ ಬೀಸಲಿಲ್ಲ, ಮುಖ ಆಚೆ ತಿರುಗಿಸಿದ್ದರು.

ಅವತ್ತಿನಿಂದ ಬಟ್ಟಲು ನಮ್ಮ ಹಲಗೆಯ ಮೇಲಿದೆ. ನರ್ಸರಿಯ ಕೆಲಸ ಸಿಕ್ಕಿತು, ಸಸಿಗಳಿಗೆ ರಜೆ ಇಲ್ಲ. ಆಯಿಯ ಮೊಣಕಾಲು ನೋವು ಬಂತು, ಹೋಯಿತು, ಮತ್ತೆ ಬಂತು. ಹೊಸ ವರ್ಷಕ್ಕೊಮ್ಮೆ ಫೋನು ಮಾಡುತ್ತೇನೆ. ಅವರು ಮೊದಲು ಕೇಳುವುದು, "ಬಟ್ಟಲು?" ನಾನು "ಯುತ್ರಿ" ಎನ್ನುತ್ತೇನೆ, ಇಬ್ಬರೂ ನಗುತ್ತೇವೆ. ಕಳೆದ ಸಲ ಅವರು ನಗಲಿಲ್ಲ. "ಯುತ್ರಿ ಎನ್ನುವುದಕ್ಕೆ ನಿನಗೆ ವಯಸ್ಸಿದೆ" ಎಂದರು. ಆ ಮಾತು ನನ್ನ ಎದೆಯಲ್ಲಿ ಚುಚ್ಚಿಕೊಂಡೇ ಇದೆ. ಆದರೂ ಏನು ತುಂಬಿಸಿ ಒಯ್ಯಲಿ ಎಂದು ಯೋಚಿಸುತ್ತ ಕೂತಿದ್ದೆ. ಕಾಗದದಷ್ಟು ತೆಳ್ಳಗಿನ ತೊಡೆದೇವು ಪುಡಿಯಾಗುತ್ತದೆ, ನೀರಾದ ಜೋನಿಬೆಲ್ಲ ಚೆಲ್ಲುತ್ತದೆ. ಅವರ ಗಂಡನ ಬಟ್ಟಲಿಗೆ ಸರಿಯಾದದ್ದು ಯಾವುದೂ ಹೊಳೆದಿರಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಮಧ್ಯಾಹ್ನ ಜಾರಿತು ನೋಡಿ. ಹಿತ್ತಲ ಬಾಗಿಲಲ್ಲಿ ಶಾಂತಕ್ಕನ ದನಿ ಕೇಳಿತು.

"ತಂಗೀ, ತಗೋವಾ ನಿಮ್ಮ ಬಟ್ಲ. ತಂಬ್ಳಿ ಬಾಳ ಚೊಲೋ ಆಗಿತ್ತು ಅಂತ ನಿಮ್ಮವ್ವಾರಿಗೆ ಹೇಳು."

ಬಟ್ಟಲಿನ ತುಂಬ ಶೇಂಗಾ ಉಂಡಿ. ಚುಕ್ಕಿಗಳೆಲ್ಲ ಹೊಳೆಯುತ್ತಿದ್ದವು.

"ಇಷ್ಟೆಲ್ಲ ಯಾಕೆ ಶಾಂತಕ್ಕ?"

"ಖಾಲಿ ಬಟ್ಲ ಹೆಂಗ ಕೊಡಾಕ ಬರ್ತೈತವ್ವಾ? ಕೈಗೆ ಸಿಕ್ಕಿದ್ದ ಹಾಕೇನಿ." ಎಂದವರೇ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆಂದು ಹೋಗಿಬಿಟ್ಟರು.

ಕೈಗೆ ಸಿಕ್ಕದ್ದು. ಅಷ್ಟೇ. ನಾನು ಬಟ್ಟಲು ಹಿಡಿದು ನಿಂತೇ ಇದ್ದೆ. ಆ ಚಳಿಗಾಲದಲ್ಲಿ ಮೇಜಿನ ಮೇಲೆ ಇಟ್ಟುಕೊಂಡು ಕೂತ ಹಾಗೆಯೇ ಇಲ್ಲಿಯೂ ಹಲಗೆಯ ಮೇಲೆ ಇಟ್ಟುಕೊಂಡು ಕೂತಿದ್ದೆನಲ್ಲ! ಆಯಿ ಒಳಗಿನಿಂದ ಬಂದು ಬಟ್ಟಲಿನೊಳಗೆ ಇಣುಕಿದಳು. ಅವಳು ಬೆಳಿಗ್ಗೆ ಇದೇ ಬಟ್ಟಲನ್ನು ಯಾಕೆ ಆರಿಸಿದಳು ಎಂದು ನನಗೆ ಈಗ ಅನುಮಾನ ಬಂತು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

"ಶೇಂಗಾ ಉಂಡೆ ಹಾಳಾಗ್ತಿಲ್ಲೆ, ದೂರಕ್ಕೆ ತಗಂಡು ಹೋಪಲೆ ಅಡ್ಡಿಲ್ಲೆ" ಎಂದಳು. "ಎನ್ನ ಕಾಲುನೋವು ಹೆಂಗೂ ಇರ್ತು. ಇನ್ನೆಂತ ಕಾಯ್ತೆ?"

ಫೋನು ಮಾಡಿದೆ. ಅಲ್ಲಿ ಆಗ ಊಟಕ್ಕೆ ಮುಂಚಿನ ಹೊತ್ತು. ಬಹಳ ಸಲ ಗಂಟೆ ಬಾರಿಸಿತು. ನಾನು ಏನೇನೋ ಯೋಚಿಸಿಬಿಟ್ಟೆ. ಕೊನೆಗೆ ಎತ್ತಿದರು. ಹೊಸ ವರ್ಷವಲ್ಲದ ದಿನ ನನ್ನ ದನಿ ಕೇಳಿ, ನಾನೇ ಹೌದೋ ಎಂದು ಖಚಿತ ಮಾಡಿಕೊಂಡರು. ಆಮೇಲೆ ಎಂದಿನ ಬಿಗಿಯಲ್ಲೇ ಕೇಳಿದರು.

"ಬಟ್ಟಲು?"

"ಪೋಲ್ನಾ" ಎಂದೆ. ತುಂಬಿದೆ. "ಹೊರಡುತ್ತಿದ್ದೇನೆ."

ಆ ಕಡೆ ಅವರು ಫೋನನ್ನು ಮೇಜಿನ ಮೇಲಿಟ್ಟರು. ಕುರ್ಚಿ ಸರಿಸಿದ ಸದ್ದು, ನಿಧಾನವಾಗಿ ಎಳೆದು ಇಡುವ ಹೆಜ್ಜೆ, ಕಪಾಟಿನ ಬಾಗಿಲು ತೆಗೆದ ಕಿರ್ ಸದ್ದು ಕೇಳಿತು. ಆ ಕಪಾಟು ನನಗೆ ಗೊತ್ತು. ತಿರುಗಿ ಬಂದು ಫೋನು ಹಿಡಿದಾಗ ಅವರಿಗೆ ಸ್ವಲ್ಪ ಏದುಸಿರು.

"ನಿನ್ನ ನೀಲಿ ಚಪ್ಪಲಿ ಬಾಗಿಲ ಹತ್ತಿರ ಇಟ್ಟಿದ್ದೇನೆ" ಎಂದರು.